ಅಣುವಿನ ಬಣ್ಣ ಅಣುವೊಂದರ ಕೈಲಿಲ್ಲ

ಆರತಿಗೆ ಓಕುಳಿ ನೀರು ಮಾಡುವುದು ನಮ್ಮ ಮಲೆನಾಡಿನ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ತಟ್ಟೆಯ ನೀರಿಗೆ ಚಿಟಿಕೆ ಅರಿಶಿನ, ಎಲೆಗೆ ಹಚ್ಚುವ ಸುಣ್ಣ ಒಂಚೂರು. ಬೆರಳಾಡಿಸಿದರೆ ಸಾಕು, ಹಳದಿ ನೀರು ಕೆಂಪಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿ. ಸುಣ್ಣವೂ ಕೆಂಪಲ್ಲ, ಅರಿಶಿನವೂ ಕೆಂಪಲ್ಲ. ಹಾಗಾದ್ರೆ ಕೆಂಪು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಸಿಕ್ಕರೆ ಮೊಬೈಲಿನ ಪರದೆ, ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಗಳಲ್ಲಿ ಮಿನುಗುವ ‘ಕ್ಯೂಎಲ್‌ಇಡಿ’ ಟಿವಿ, ಜಾತ್ರೆಯಲ್ಲಿ ಮಾರುವ ಹಸಿರು ಲೇಸರ್, ಗರ್ಭ ಪರೀಕ್ಷೆಯ ಪಟ್ಟಿ ಇವೆಲ್ಲದರ ಒಳಗುಟ್ಟು ಅರ್ಧ ತಿಳಿದ ಹಾಗೆ. ಎಲ್ಲದರಲ್ಲೂ ನಡೆದಿರುವ ಕೆಲಸ ಒಂದೇ. ಎಲೆಕ್ಟ್ರಾನಿಗೆ ಓಡಾಡಲು ಎಷ್ಟು ಜಾಗ ಕೊಡಬೇಕು, ಆ ಜಾಗದ ತುದಿಗಳಲ್ಲಿ ಏನಿಡಬೇಕು, ಪಕ್ಕದ ಅಣುವನ್ನು ಎಷ್ಟು ಹತ್ತಿರ ಕೂರಿಸಬೇಕು ಎಂದು ಮೊದಲೇ ಲೆಕ್ಕ ಹಾಕಿ ವಸ್ತುವನ್ನು ಕಟ್ಟುವುದು. ಮೊದಲ ಎರಡು ಕೆಲಸ ರಸಾಯನ ವಿಜ್ಞಾನಿಗಳಿಗೆ ಈಗ ಚೆನ್ನಾಗಿ ಪಳಗಿದೆ. ಮೂರನೆಯದೇ ತಲೆನೋವು. ಪತ್ರಿಕೆಗಳಲ್ಲಿ ‘ನ್ಯಾನೋ’ ಎಂದರೆ ಬರೀ ಚಿಕ್ಕದು ಎಂಬಂತೆ ಬರೆಯುತ್ತಾರೆ. ನನ್ನ ಪ್ರಕಾರ ಚಿಕ್ಕದಾಗಿರುವುದು ಅರ್ಧ ಕಥೆ ಮಾತ್ರ. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಉಳಿದರ್ಧ.

ಹಳದಿ ಯಾಕೆ ಹಳದಿ

ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗ ನ್ಯಾನೋಮೀಟರ್. 400ರ ಕಡೆ ನೇರಳೆ, ನೀಲಿ. ಇವುಗಳಲ್ಲಿ ಶಕ್ತಿ ಜಾಸ್ತಿ. 700ರ ಕಡೆ ಕೆಂಪು, ಅದರಲ್ಲಿ ಕಡಿಮೆ.

ಅಣುವಿನೊಳಗೆ ಎಲೆಕ್ಟ್ರಾನುಗಳು ತಮಗೆ ಬೇಕಾದಷ್ಟು ಶಕ್ತಿ ಇಟ್ಟುಕೊಂಡು ಇರುವಂತಿಲ್ಲ. ಅವಕ್ಕೆ ಗೊತ್ತಾದ ಮಟ್ಟಗಳಿವೆ. ಕೆಳಗಿನ ಮಟ್ಟದಿಂದ ಮೇಲಿನದಕ್ಕೆ ಏರಬೇಕಾದರೆ ನಡುವಿನ ಅಂತರಕ್ಕೆ ಸರಿಹೊಂದುವ ಬೆಳಕನ್ನೇ ನುಂಗಬೇಕು. ಅರಿಶಿನದ ಬಣ್ಣಕ್ಕೆ ಕಾರಣವಾದ ಕುರ್ಕ್ಯುಮಿನ್ ನುಂಗುವುದು 425 ನ್ಯಾನೋಮೀಟರ್ ಆಸುಪಾಸಿನ ನೇರಳೆ-ನೀಲಿಯನ್ನು. ಬಿಸಿಲಿನಿಂದ ಅದನ್ನು ಕಳೆದರೆ ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ.

ಈ ಅಂತರವನ್ನು ನಿರ್ಧರಿಸುವುದು ಯಾವುದು? ಎಲೆಕ್ಟ್ರಾನು ಬರೀ ಒಂದು ಕಣವಲ್ಲ, ಅದಕ್ಕೆ ಅಲೆಯ ಗುಣವೂ ಇದೆ. ಆ ಅಲೆ ಇರುವ ಜಾಗದೊಳಗೆ ಸರಿಯಾಗಿ ಹಿಡಿಯಬೇಕು. ಜಾಗ ಚಿಕ್ಕದಾದಷ್ಟೂ ಅಲೆ ಮುದುಡಬೇಕು. ಮುದುಡಿದಷ್ಟೂ ಶಕ್ತಿ ಏರುತ್ತದೆ, ಮಟ್ಟಗಳ ನಡುವಿನ ಅಂತರವೂ ಹಿಗ್ಗುತ್ತದೆ. ಜಾಗ ದೊಡ್ಡದಾದರೆ ಅಂತರ ಕುಗ್ಗುತ್ತದೆ.

ಕಾರ್ಬನ್ ಅಣುಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಬಾಳೆಗೊನೆ ಹಣ್ಣಾಗುವಾಗ ಹೊರಬರುವ ಎಥಿಲೀನ್ ಅನಿಲದಲ್ಲಿ ಇರುವುದು ಎರಡೇ ಕಾರ್ಬನ್, ನಡುವೆ ಒಂದು ದ್ವಿಬಂಧ, ಅಂದರೆ ಜೋಡಿ ಕೊಂಡಿ. ಅದು ನುಂಗುವುದು 170 ನ್ಯಾನೋಮೀಟರ್ ಹತ್ತಿರದ ಬೆಳಕನ್ನು. ಅದು ಕಣ್ಣಿಗೆ ಕಾಣುವ ಬೆಳಕೇ ಅಲ್ಲ, ಹಾಗಾಗಿ ಎಥಿಲೀನಿಗೆ ಬಣ್ಣವಿಲ್ಲ. ದ್ವಿಬಂಧ, ಏಕಬಂಧ, ಮತ್ತೆ ದ್ವಿಬಂಧ ಎಂದು ಸಾಲಾಗಿ ಕಟ್ಟಿದರೆ ಎಲೆಕ್ಟ್ರಾನು ಇಡೀ ಸಾಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಅಂಥ ಎರಡು ದ್ವಿಬಂಧವಿರುವ ಬ್ಯೂಟಡೈಯೀನ್ 217ರ ಹತ್ತಿರ ನುಂಗುತ್ತದೆ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್‌ನಲ್ಲಿ ಸಾಲಾಗಿ 11 ದ್ವಿಬಂಧಗಳಿವೆ. ಅದು 450ರ ನೀಲಿಯನ್ನು ನುಂಗಿ ಕಿತ್ತಳೆಯಾಗಿ ಕಾಣುತ್ತದೆ.

ಟೊಮೆಟೊದ ಲೈಕೊಪೀನ್‌ನಲ್ಲೂ ಸಾಲಾಗಿರುವುದು 11 ದ್ವಿಬಂಧವೇ. ಆದರೂ ಅದು ಕೆಂಪು. ಕ್ಯಾರೆಟ್ಟಿನ ಅಣುವಿನ ಎರಡು ತುದಿಯ ದ್ವಿಬಂಧಗಳು ಉಂಗುರಗಳೊಳಗಿವೆ, ಆ ಉಂಗುರಗಳು ಸಾಲಿನಿಂದ ಸ್ವಲ್ಪ ತಿರುಚಿಕೊಂಡಿವೆ. ತಿರುಚಿದಲ್ಲಿ ಎಲೆಕ್ಟ್ರಾನಿನ ಅಲೆ ಸರಾಗವಾಗಿ ದಾಟುವುದಿಲ್ಲ. ಲೆಕ್ಕಕ್ಕೆ 11 ಇದ್ದರೂ ಬಳಕೆಗೆ ಸಿಗುವುದು ಕಡಿಮೆ. ಲೈಕೊಪೀನ್ ನೆಟ್ಟಗಿದೆ, ಪೂರ್ತಿ ಉದ್ದ ಸಿಗುತ್ತದೆ. ಸಾಲಿನ ಉದ್ದ ಒಂದು ಉಪಾಯವಾದರೆ, ತಿರುಚುವುದು ಇನ್ನೊಂದು.

ಇನ್ನು ಓಕುಳಿಗೆ ಬರೋಣ. ಕುರ್ಕ್ಯುಮಿನ್ ಅಣುವಿನ ಎರಡು ತುದಿಯಲ್ಲೂ ಒಂದೊಂದು ಉಂಗುರ, ಪ್ರತಿ ಉಂಗುರಕ್ಕೂ ಆಮ್ಲಜನಕ-ಜಲಜನಕದ ಒಂದು ಜೋಡಿ ಅಂಟಿಕೊಂಡಿದೆ. ಸುಣ್ಣ ಈ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿದ ಆಮ್ಲಜನಕದ ಬಳಿ ಋಣ ವಿದ್ಯುತ್ತು ಜಾಸ್ತಿಯಾಗಿ, ಅದು ತನ್ನ ಎಲೆಕ್ಟ್ರಾನನ್ನು ಸಾಲಿನ ಒಳಕ್ಕೆ ದೂಡುತ್ತದೆ. ಅಂತರ ಕುಗ್ಗುತ್ತದೆ. ಈಗ ಅಣು ನೀಲಿಯ ಜೊತೆಗೆ ಹಸಿರಿನ ಪಾಲನ್ನೂ ನುಂಗುತ್ತದೆ, ನಮಗೆ ಕೆಂಪು ಕಾಣುತ್ತದೆ. ನಿಂಬೆಯ ಹುಳಿ ಜಲಜನಕವನ್ನು ಹಿಂದಕ್ಕೆ ಕೊಡುತ್ತದೆ. ಅರಿಶಿನದ ಕಲೆಯಿರುವ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗುವುದೂ ಇದಕ್ಕೇ. ಅಣುವಿನ ತುದಿಗಳಲ್ಲಿ ಕೈಯಾಡಿಸಿ ಬಣ್ಣ ಬದಲಿಸುವ ಈ ಕೆಲಸವನ್ನು ಬಣ್ಣದ ಕಾರ್ಖಾನೆಗಳು ಒಂದೂವರೆ ಶತಮಾನದಿಂದ ಮಾಡುತ್ತಲೇ ಬಂದಿವೆ.

ಉದ್ದ ಮಾಡುತ್ತಾ ಹೋದರೆ ಪ್ಲಾಸ್ಟಿಕ್ಕೂ ತಂತಿಯಾಗುತ್ತದಾ?

ಸಾಲನ್ನು ಎಷ್ಟು ಬೇಕಾದರೂ ಉದ್ದ ಮಾಡಿದರೆ ಅಂತರ ಸೊನ್ನೆಯಾಗಿ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯಬೇಕಲ್ವಾ? ಹರಿಯುವುದಿಲ್ಲ. ಒಂದು ಬಂಧ ಗಿಡ್ಡ, ಒಂದು ಉದ್ದ ಎಂದು ಬದಲಾಗುತ್ತಾ ಹೋಗುವುದರಿಂದಲೇ ಅಂತರ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. 1977ರಲ್ಲಿ ಅಲನ್ ಹೀಗರ್, ಅಲನ್ ಮ್ಯಾಕ್‌ಡಿಯರ್ಮಿಡ್ ಮತ್ತು ಹಿಡೆಕಿ ಶಿರಕಾವಾ ಇದಕ್ಕೊಂದು ದಾರಿ ಕಂಡುಕೊಂಡರು. ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ ಹಾಳೆಗೆ ಅಯೋಡಿನ್ ಆವಿ ಹಾಯಿಸಿದರು. ಅಯೋಡಿನ್ ಸಾಲಿನಿಂದ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು. ಖಾಲಿಯಾದ ಜಾಗದಿಂದಾಗಿ ಉಳಿದವಕ್ಕೆ ಸರಿದಾಡಲು ಆಯಿತು. ವಿದ್ಯುತ್ತು ಹರಿಯುವ ಗುಣ ಸುಮಾರು ಒಂದು ಕೋಟಿ ಪಟ್ಟು ಏರಿತು. 2000ದ ನೊಬೆಲ್ ಇವರಿಗೆ ಸಿಕ್ಕಿತು. ಅದಕ್ಕೂ ಮೊದಲು ಶಿರಕಾವಾ ಲ್ಯಾಬಿನಲ್ಲಿ ಒಬ್ಬರು ವೇಗವರ್ಧಕವನ್ನು ಹೇಳಿದ್ದಕ್ಕಿಂತ ಸಾವಿರ ಪಟ್ಟು ಜಾಸ್ತಿ ಹಾಕಿಬಿಟ್ಟಿದ್ದರು. ಆಗ ಬಂದ ಬೆಳ್ಳಿಯಂತೆ ಹೊಳೆಯುವ ಹಾಳೆಯೇ ಮುಂದಿನದಕ್ಕೆಲ್ಲ ಬುನಾದಿ.

ಗ್ರಾಫೀನ್ ವಿಚಾರ ಎಲ್ಲ ಕಡೆ ಬಂದಿರುವುದರಿಂದ ಇಲ್ಲಿ ಎಳೆಯುವುದಿಲ್ಲ. ಒಂದೇ ಮಾತು: ಒಂದು ಪರಮಾಣು ದಪ್ಪದ ಇಂಥ ಎರಡು ಕಾರ್ಬನ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಸುಮಾರು 1.1 ಡಿಗ್ರಿ ತಿರುಗಿಸಿದರೆ, ಕಡು ಚಳಿಯಲ್ಲಿ ಅದು ಅತಿವಾಹಕ, ಅಂದರೆ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಯಬಿಡುವ ವಸ್ತು, ಆಗುತ್ತದೆ ಎಂದು 2018ರಲ್ಲಿ ಪಾಬ್ಲೊ ಹರಿಯೋ-ಹೆರೆರೊ ತಂಡ ತೋರಿಸಿತು. ಹೊಸದೇನನ್ನೂ ಸೇರಿಸಿಲ್ಲ, ಪಕ್ಕದ ಹಾಳೆಯ ಕೋನ ಬದಲಾಗಿದೆ ಅಷ್ಟೇ.

ಒಂದೇ ಪುಡಿ, ಬಣ್ಣ ಹಲವು

ಅಣುವಿನ ಸಾಲಿಗೆ ಹೇಳಿದ್ದು ಹರಳಿನ ಚೂರಿಗೂ ಸಲ್ಲುತ್ತದೆ. ಕ್ಯಾಡ್ಮಿಯಂ ಸೆಲೆನೈಡ್ ಎಂಬ ಅರೆವಾಹಕವನ್ನು ತೆಗೆದುಕೊಳ್ಳಿ. ಅದರ ಹರಳನ್ನು ಸುಮಾರು 6 ನ್ಯಾನೋಮೀಟರಿಗೆ ಇಳಿಸಿ ನೇರಳಾತೀತ ಬೆಳಕು ಬಿಟ್ಟರೆ ಕೆಂಪಾಗಿ ಹೊಳೆಯುತ್ತದೆ. ಸುಮಾರು 2 ನ್ಯಾನೋಮೀಟರಿಗೆ ಇಳಿಸಿದರೆ ನೀಲಿ. ವಸ್ತು ಅದೇ, ಬದಲಾಗಿರುವುದು ಎಲೆಕ್ಟ್ರಾನಿಗೆ ಸಿಕ್ಕ ಜಾಗ. ಇವೇ ಕ್ವಾಂಟಮ್ ಡಾಟ್‌ಗಳು.

1981ರಲ್ಲಿ ಸೋವಿಯತ್ ಒಕ್ಕೂಟದ ಅಲೆಕ್ಸಿ ಎಕಿಮೊವ್ ಬಣ್ಣದ ಗಾಜಿನೊಳಗೆ ಇದನ್ನು ಕಂಡರು. 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿಸ್ ಬ್ರೂಸ್ ದ್ರವದಲ್ಲಿ ತೇಲುವ ಕಣಗಳಲ್ಲಿ ಕಂಡರು. ಆದರೆ ಒಂದೇ ಗಾತ್ರದವನ್ನು ಮಾಡುವುದು ಯಾರಿಗೂ ಬರುತ್ತಿರಲಿಲ್ಲ. ಸಣ್ಣದು ದೊಡ್ಡದು ಬೆರೆತರೆ ಬಣ್ಣ ಕಲಸಿಹೋಗುತ್ತದೆ. 1993ರಲ್ಲಿ ಎಂಐಟಿಯ ಮೌಂಗಿ ಬಾವೆಂಡಿ ತಂಡ ಅದನ್ನು ಸಾಧಿಸಿತು. ಮೂವರಿಗೂ 2023ರ ರಸಾಯನ ನೊಬೆಲ್ ಬಂತು.

ಬಾವೆಂಡಿ ವಿಧಾನ ನಮ್ಮ ಆಲೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಕಬ್ಬಿನ ಹಾಲು ಕುದಿಯುವಾಗ ಕೊಪ್ಪರಿಗೆಯನ್ನು ಮೊದಲೇ ಇಳಿಸಿದರೆ ಜೋನಿಬೆಲ್ಲ, ಇನ್ನಷ್ಟು ತಡೆದರೆ ಅಚ್ಚುಬೆಲ್ಲ. ಹಾಲು ಒಂದೇ, ಹದ ಬೇರೆ. ಇಲ್ಲೂ ಹಾಗೇ. 300 ಡಿಗ್ರಿ ಆಸುಪಾಸಿಗೆ ಕಾಯಿಸಿದ ದ್ರಾವಕದೊಳಕ್ಕೆ ಕ್ಯಾಡ್ಮಿಯಂ ಮತ್ತು ಸೆಲೆನಿಯಂ ಇರುವ ದ್ರಾವಣವನ್ನು ಸಿರಿಂಜಿನಿಂದ ಒಮ್ಮೆಲೇ ಚುಚ್ಚುತ್ತಾರೆ. ಅಸಂಖ್ಯ ಮೊಳಕೆಗಳು ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆ. ತಣ್ಣನೆಯ ದ್ರಾವಣ ಬಿದ್ದದ್ದರಿಂದ ಶಾಖ ಇಳಿಯುತ್ತದೆ, ಹೊಸ ಮೊಳಕೆ ಹುಟ್ಟುವುದು ನಿಲ್ಲುತ್ತದೆ. ಮತ್ತೆ ಕಾಯಿಸಿದಾಗ ಹುಟ್ಟಿದವೆಲ್ಲ ಒಟ್ಟಿಗೇ ಬೆಳೆಯುತ್ತವೆ. ಒಟ್ಟಿಗೇ ಹುಟ್ಟಿದ್ದರಿಂದ ಗಾತ್ರವೂ ಬಹುಮಟ್ಟಿಗೆ ಒಂದೇ. ನಡುನಡುವೆ ಸ್ವಲ್ಪ ತೆಗೆದು ನೇರಳಾತೀತ ದೀಪದಡಿ ಹಿಡಿದರೆ ನೀಲಿ, ಆಮೇಲೆ ಹಸಿರು, ಹಳದಿ, ಕೆಂಪು. ಬೇಕಾದ ಬಣ್ಣ ಬಂದಾಗ ಉರಿ ನಿಲ್ಲಿಸಬೇಕು.

ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಇಷ್ಟು ಸಣ್ಣ ಹರಳಿನಲ್ಲಿ ಪರಮಾಣುಗಳ ದೊಡ್ಡ ಪಾಲು ಮೈಮೇಲೇ ಇರುತ್ತದೆ. ಅವುಗಳ ಹೊರಬದಿಗೆ ಜೊತೆಗಾರರಿಲ್ಲ. ಮೇಲಕ್ಕೇರಿದ ಎಲೆಕ್ಟ್ರಾನು ಅಲ್ಲಿ ಸಿಕ್ಕಿಕೊಂಡು ಬೆಳಕಾಗುವ ಬದಲು ಶಾಖವಾಗಿ ಹೋಗುತ್ತದೆ. ಅದಕ್ಕೆ ಹೊರಗಿನಿಂದ ಸತುವಿನ ಸಲ್ಫೈಡಿನ ಒಂದು ಪದರ ಕಟ್ಟುತ್ತಾರೆ. ಕ್ಯಾಡ್ಮಿಯಂ ವಿಷವಾದ್ದರಿಂದ ಈಗ ಅನೇಕ ಟಿವಿಗಳಲ್ಲಿ ಇಂಡಿಯಂ ಫಾಸ್ಫೈಡ್ ಬಳಕೆಯಲ್ಲಿದೆ. ಅಂದಹಾಗೆ, ಅಂಗಡಿಯ ಕ್ಯೂಎಲ್‌ಇಡಿ ಟಿವಿಯಲ್ಲಿ ಡಾಟ್‌ಗಳು ತಾವಾಗಿ ಉರಿಯುವುದಿಲ್ಲ. ಹಿಂದೆ ನೀಲಿ ಎಲ್‌ಇಡಿ ಇರುತ್ತದೆ, ಡಾಟ್‌ಗಳು ಅದರ ಪಾಲನ್ನು ಹಸಿರು, ಕೆಂಪಾಗಿ ಬದಲಿಸುತ್ತವೆ. ಹೆಸರು ಕೇಳಿ ಮೋಸ ಹೋಗಬೇಡಿ.

ಚಿನ್ನದ ಕಥೆ ಸ್ವಲ್ಪ ಬೇರೆ. 20 ನ್ಯಾನೋಮೀಟರಿನ ಚಿನ್ನದ ಕಣಗಳನ್ನು ನೀರಲ್ಲಿ ತೇಲಿಸಿದರೆ ನೀರು ಮಾಣಿಕ್ಯದ ಕೆಂಪು. ಮೈಕಲ್ ಫ್ಯಾರಡೆ 1857ರಲ್ಲೇ ಇದನ್ನು ಬರೆದಿದ್ದರು. ಇಲ್ಲಿ ಒಂದು ಎಲೆಕ್ಟ್ರಾನು ಮೇಲಕ್ಕೇರುವುದಲ್ಲ. ಕಣದೊಳಗಿನ ಎಲ್ಲ ಸ್ವತಂತ್ರ ಎಲೆಕ್ಟ್ರಾನುಗಳೂ ಬೆಳಕಿನ ತಾಳಕ್ಕೆ ಒಟ್ಟಿಗೆ ಹಿಂದೆ ಮುಂದೆ ತೂಗುತ್ತವೆ. 520 ನ್ಯಾನೋಮೀಟರ್ ಹತ್ತಿರದ ಹಸಿರು ಈ ತೂಗಾಟಕ್ಕೆ ಖರ್ಚಾಗಿ ಕೆಂಪು ಉಳಿಯುತ್ತದೆ. ಅದೇ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಕಣಗಳು ಒಂದಕ್ಕೊಂದು ಅಂಟುತ್ತವೆ, ಒಂದರ ತೂಗಾಟ ಇನ್ನೊಂದಕ್ಕೆ ತಟ್ಟುತ್ತದೆ, ನೀರು ನೀಲಿಯಾಗುತ್ತದೆ.

ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ, ಕೋವಿಡ್ ಕಾಲದ ರ‍್ಯಾಪಿಡ್ ಪಟ್ಟಿಯಲ್ಲಿ ಮೂಡುವ ಆ ಕೆಂಪು ಗೆರೆ ಸಾಮಾನ್ಯವಾಗಿ ಇದೇ ಚಿನ್ನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇರುವ ಈ ಸೀಮೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಓದಬಹುದಾದ ಒಂದು ಪಟ್ಟಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಪಟ್ಟಿಗೊಂದು ಮಿತಿ ಇದೆ. ಲ್ಯಾಬಿನಲ್ಲಿ ಮಾಡುವ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸಿನ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಎಣಿಸುತ್ತದೆ. ಪಟ್ಟಿ ಇದ್ದಷ್ಟನ್ನೇ ಹಿಡಿಯಬೇಕು. ಇದ್ದದ್ದು ಕಡಿಮೆಯಾದರೆ ಗೆರೆ ಕಾಣುವುದಿಲ್ಲ. ಆ ಗೆರೆಯನ್ನು ಇನ್ನಷ್ಟು ಗಾಢ ಮಾಡಲು ಕಣದ ಆಕಾರ, ಗಾತ್ರ ಬದಲಿಸಿ ನೋಡುವುದೇ ಈ ಕ್ಷೇತ್ರದ ಒಂದು ದೊಡ್ಡ ಕಸುಬು.

ಪಕ್ಕದವರ ಕಾಟ

ನೋಟು ಪರೀಕ್ಷಿಸುವ ಸಣ್ಣ ನೇರಳಾತೀತ ಟಾರ್ಚ್ ಸಿಕ್ಕರೆ ಒಂದು ಪ್ರಯೋಗ ಮಾಡಿ. ಕಣ್ಣಿಗೆ ಮಾತ್ರ ಬಿಡಬೇಡಿ. ಅರಿಶಿನದ ಪುಡಿಯ ಮೇಲೆ ಬಿಟ್ಟರೆ ಹೊಳಪು ಮಂಕು. ಅದನ್ನೇ ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರಿನಲ್ಲಿ ಕದಡಿ, ಪುಡಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಗೆ ಬಿಡಿ. ಹಸಿರು ಮಿಶ್ರಿತ ಹಳದಿಯಲ್ಲಿ ಥಳಥಳ ಹೊಳೆಯುತ್ತದೆ. ಆಮೇಲೆ ಬಸಳೆ ಸೊಪ್ಪು ಜಜ್ಜಿ ಅದೇ ಸ್ಯಾನಿಟೈಸರಿಗೆ ಹಾಕಿ. ಹಸಿರು ದ್ರವ ಟಾರ್ಚಿನಡಿ ರಕ್ತಗೆಂಪಾಗುತ್ತದೆ. ಎಲೆಗೆ ನೇರವಾಗಿ ಬಿಟ್ಟರೆ ಆ ಕೆಂಪು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಮೇಲಕ್ಕೇರಿದ ಎಲೆಕ್ಟ್ರಾನು ಕೆಳಗಿಳಿಯುವಾಗ ಶಕ್ತಿಯನ್ನು ಬೆಳಕಾಗಿ ಬಿಟ್ಟರೆ ನಮಗೆ ಹೊಳಪು. ಪಕ್ಕದ ಅಣು ಅಂಟಿಕೊಂಡಂತಿದ್ದರೆ ಆ ಶಕ್ತಿ ಅದಕ್ಕೆ ದಾಟುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ದಾಟುತ್ತಾ ಎಲ್ಲೋ ಶಾಖವಾಗಿ ಕಳೆದುಹೋಗುತ್ತದೆ. ಅರಿಶಿನದ ಪುಡಿಯಲ್ಲಿ ಇದು ನಷ್ಟ. ಎಲೆಯಲ್ಲಿ ಇದೇ ಬದುಕು. ಪತ್ರಹರಿತ್ತು ಹಿಡಿದ ಶಕ್ತಿಯನ್ನು ಪಕ್ಕದವಕ್ಕೆ ದಾಟಿಸುತ್ತಾ ಆಹಾರ ತಯಾರಾಗುವ ಜಾಗಕ್ಕೆ ಮುಟ್ಟಿಸುತ್ತದೆ. ಹೊಳಪಾಗಿ ಹೋಗುವುದು ನೂರರಲ್ಲಿ ಒಂದೆರಡು ಪಾಲು. ಸ್ಯಾನಿಟೈಸರಿಗೆ ಬಂದಾಗ ದಾಟಿಸಲು ಯಾರೂ ಇಲ್ಲದೆ ಬೆಳಕಾಗಿ ಬಿಡುತ್ತದೆ.

ಪರದೆ ಮಾಡುವವರಿಗೆ ಬೇಕಿರುವುದು ದ್ರವವಲ್ಲ, ಗಟ್ಟಿ ಪದರ. ಗಟ್ಟಿಯಾದರೆ ಹೊಳಪು ಸಾಯುತ್ತದೆ. 2001ರಲ್ಲಿ ಹಾಂಗ್‌ಕಾಂಗಿನ ಬೆನ್ ಝಾಂಗ್ ಟ್ಯಾಂಗ್ ತಂಡ ಇದಕ್ಕೆ ಪೂರ್ತಿ ಉಲ್ಟಾ ಅಣುಗಳನ್ನು ಗುರುತಿಸಿತು. ಇವು ದ್ರವದಲ್ಲಿ ಮಂಕು, ಗುಂಪಾದರೆ ಹೊಳೆಯುತ್ತವೆ. ಇವುಗಳ ಸುತ್ತ ಉಂಗುರಗಳು ಸಡಿಲವಾಗಿ ನೇತಾಡುತ್ತಿರುತ್ತವೆ. ದ್ರವದಲ್ಲಿ ಉಂಗುರಗಳು ಗಿರಗಿರ ತಿರುಗಿ ಶಕ್ತಿಯೆಲ್ಲ ಅದಕ್ಕೇ ಮುಗಿಯುತ್ತದೆ. ಒತ್ತಾಗಿ ಕೂತಾಗ ತಿರುಗಲು ಜಾಗವಿಲ್ಲ, ಶಕ್ತಿ ಬೆಳಕಾಗಲೇಬೇಕು. ಉಂಗುರಗಳು ಓರೆಯಾಗಿರುವುದರಿಂದ ಪಕ್ಕದ ಅಣು ತೀರಾ ಮೈಗೆ ಮೈ ತಾಗುವಷ್ಟು ಹತ್ತಿರ ಬರುವುದೂ ಇಲ್ಲ. ಈ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಯುಕ್ತಿ ಇದು.

ಸಾಗರದ ಮಾರಿಜಾತ್ರೆಯಂಥ ಕಡೆ ಮಕ್ಕಳ ಕೈಗೆ ಸಿಗುವ ಹಸಿರು ಲೇಸರನ್ನೂ ಇಲ್ಲೇ ಹೇಳಿಬಿಡಬೇಕು. ಅವುಗಳಲ್ಲಿ ಅನೇಕದರ ಒಳಗೆ ಹುಟ್ಟುವುದು ಹಸಿರಲ್ಲ, 1064 ನ್ಯಾನೋಮೀಟರಿನ ಕಾಣದ ಅವಗೆಂಪು ಬೆಳಕು. ಒಂದು ಪುಟ್ಟ ಹರಳು ಅಂಥ ಎರಡು ಕಟ್ಟು ಬೆಳಕನ್ನು ಸೇರಿಸಿ 532ರ ಹಸಿರು ಮಾಡುತ್ತದೆ. ಅಗ್ಗದವುಗಳಲ್ಲಿ ಉಳಿದ ಅವಗೆಂಪನ್ನು ತಡೆಯುವ ಫಿಲ್ಟರ್ ಇರದೇ ಹೋಗಬಹುದು. ಹಸಿರು ಮಂದವಾಗಿ ಕಂಡರೂ ಕಣ್ಣಿಗೆ ಅಪಾಯ ಇದ್ದೇ ಇದೆ. ಮಕ್ಕಳಿಗೆ ಕೊಡಿಸಬೇಡಿ.

ಹೀಗೆ ಎರಡು ಕಟ್ಟು ಬೆಳಕನ್ನು ಜೋಡಿಸುವ ಕೆಲಸಕ್ಕೆ ಸಾವಯವ ಅಣುವನ್ನು ಕಟ್ಟುವುದು ಹೇಗೆಂದು ರಸಾಯನ ಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ಒಂದು ತುದಿಗೆ ಎಲೆಕ್ಟ್ರಾನ್ ದೂಡುವ ಗುಂಪು, ಇನ್ನೊಂದು ತುದಿಗೆ ಎಳೆಯುವ ಗುಂಪು. ಪ್ಯಾರಾ-ನೈಟ್ರೊಅನಿಲಿನ್ ಹಾಗಿದೆ. ಒಂಟಿ ಅಣುವಾಗಿ ಅದು ಬಲು ಜೋರು. ಆದರೆ ಹರಳಾಗಿ ಕೂರುವಾಗ ಒಂದರ ತಲೆಗೆ ಇನ್ನೊಂದರ ಬಾಲ ಬರುವ ಹಾಗೆ ಎದುರುಬದುರಾಗಿ ಮಲಗುತ್ತದೆ. ಒಂದರ ಎಳೆತವನ್ನು ಇನ್ನೊಂದು ರದ್ದು ಮಾಡುತ್ತದೆ. ಹಸಿರು ಸೊನ್ನೆ. ಅದೇ ಅಣುವಿನ ಪಕ್ಕಕ್ಕೆ ಒಂದು ಪುಟ್ಟ ಮೀಥೈಲ್ ಗುಂಪು ಅಂಟಿಸಿದರು. ಅಣುವಿನ ಗುಣ ಹೆಚ್ಚೇನೂ ಬದಲಾಗಲಿಲ್ಲ, ಕೂರುವ ರೀತಿ ಬದಲಾಯಿತು. ರದ್ದಾಗುವುದು ತಪ್ಪಿತು, ಹರಳು ಬೆಳಕನ್ನು ಬಲವಾಗಿ ಜೋಡಿಸತೊಡಗಿತು. ಒಂದು ಕಾರ್ಬನ್, ಮೂರು ಜಲಜನಕದ ಪುಟ್ಟ ಗುಂಪಿನಿಂದ ಆದ ವ್ಯತ್ಯಾಸ.

ಕಂಪ್ಯೂಟರ್ ಲೆಕ್ಕವೂ ಇಲ್ಲೇ ಎಡವುತ್ತದೆ. 1998ರಲ್ಲಿ ವಾಲ್ಟರ್ ಕೋನ್ ಅವರಿಗೆ ನೊಬೆಲ್ ತಂದ ಲೆಕ್ಕದ ವಿಧಾನದಿಂದ, ಕುರ್ಕ್ಯುಮಿನ್‌ನಷ್ಟು ದೊಡ್ಡ ಅಣುವಿನ ಮಟ್ಟಗಳನ್ನು ಈಗ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಅಂದಾಜು ಮಾಡಬಹುದು. ಶಂಕರಘಟ್ಟದ ಹಾಸ್ಟೆಲಿನಲ್ಲಿ ಕೂತ ಕುವೆಂಪು ವಿಶ್ವವಿದ್ಯಾಲಯದ ಎಂ.ಎಸ್ಸಿ. ವಿದ್ಯಾರ್ಥಿಗೂ ಇದು ಎಟುಕದ ಕೆಲಸವಲ್ಲ. ಆದರೆ ಅದೇ ಅಣುಗಳು ಹರಳಾಗುವಾಗ ಹೇಗೆ ಕೂರುತ್ತವೆ ಎಂದು ಮುಂಚಿತವಾಗಿ ಹೇಳುವುದು ದೊಡ್ಡ ಯಂತ್ರಗಳಿಗೂ ಕಷ್ಟ. ಕೂರುವ ಹಲವು ರೀತಿಗಳ ನಡುವೆ ಶಕ್ತಿಯ ವ್ಯತ್ಯಾಸ ಅಷ್ಟು ಸಣ್ಣದು.

ಮಳೆಗಾಲದ ಪರೀಕ್ಷೆ

ಸಾವಯವ ಅಣುಗಳೇ ಬೆಳಕು ಕೊಡುವ ಮೊಬೈಲಿನ ಒಎಲ್‌ಇಡಿ ಪರದೆಯ ಮೂಲ 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಮಾಡಿದ ತೆಳು ಪದರ. ವಿದ್ಯುತ್ತಿನಿಂದ ಎಬ್ಬಿಸಿದ ಸ್ಥಿತಿಗಳಲ್ಲಿ ನಾಲ್ಕರಲ್ಲಿ ಒಂದು ಮಾತ್ರ ಸುಲಭವಾಗಿ ಬೆಳಕು ಕೊಡುತ್ತದೆ. ಉಳಿದ ಮೂರು ಸ್ವಲ್ಪ ಕೆಳಗಿನ ಮಟ್ಟದಲ್ಲಿ ಸಿಕ್ಕಿಕೊಳ್ಳುತ್ತವೆ. 2012ರಲ್ಲಿ ಜಪಾನಿನ ಚಿಹಾಯ ಅದಾಚಿ ತಂಡ ಅಣುವಿನ ದೂಡುವ ಭಾಗವನ್ನೂ ಎಳೆಯುವ ಭಾಗವನ್ನೂ ಒಂದಕ್ಕೊಂದು ಬಹಳಷ್ಟು ತಿರುಚಿ ಕೂರಿಸಿತು. ಆಗ ಆ ಎರಡು ಮಟ್ಟಗಳ ಅಂತರ ಎಷ್ಟು ಕುಗ್ಗಿತೆಂದರೆ ಕೋಣೆಯ ಬಿಸಿಯೇ ಸಿಕ್ಕಿಕೊಂಡವನ್ನು ಮೇಲಕ್ಕೆತ್ತಲು ಸಾಕಾಯಿತು. ಮತ್ತದೇ ತಿರುಚುವ ಉಪಾಯ. ನೀಲಿ ಬಣ್ಣದವು ಬೇಗ ಸವೆಯುವ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಈ ಪದರಗಳ ಮಹಾಶತ್ರು ತೇವ. ಅದಕ್ಕೇ ಪರದೆಯನ್ನು ಗಾಳಿ, ನೀರು ಹೋಗದಂತೆ ಮುಚ್ಚುತ್ತಾರೆ. ಸೌರ ಫಲಕಗಳಿಗೆಂದು ಬಂದಿರುವ ಪೆರೊವ್‌ಸ್ಕೈಟ್ ಎಂಬ ವಸ್ತುವಿಗೆ ಈ ಕಾಟ ಇನ್ನೂ ಜಾಸ್ತಿ. 2009ರಲ್ಲಿ ಜಪಾನಿನ ಸುಟೊಮು ಮಿಯಾಸಕ ಮೊದಲು ಬಳಸಿದಾಗ ಬಿಸಿಲಿನ ಶೇ 3.8ರಷ್ಟು ಮಾತ್ರ ವಿದ್ಯುತ್ತಾಯಿತು. ಈಗ ಪ್ರಯೋಗಾಲಯಗಳಲ್ಲಿ ಅದು ಶೇ 25ನ್ನು ದಾಟಿದೆ. ದ್ರಾವಣವಾಗಿ ಬಳಿದರೆ ಸಾಕು, ಪದರ ತಯಾರು. ಆದರೆ ಅದರ ಹೆಸರಾಂತ ರೂಪದಲ್ಲಿರುವ ಮೀಥೈಲ್ ಅಮೋನಿಯಂ ಎಂಬ ಪುಟ್ಟ ಅಣು ನೀರಿಗೆ ಸುಲಭವಾಗಿ ಬಲಿಯಾಗುತ್ತದೆ. ಹರಳು ಒಡೆದು ಹಳದಿ ಲೆಡ್ ಅಯೊಡೈಡ್ ಉಳಿಯುತ್ತದೆ. ಆಗುಂಬೆಯ ಜುಲೈ ತಿಂಗಳಲ್ಲಿ ಮುಚ್ಚದೆ ಹೊರಗಿಟ್ಟರೆ ಏನಾದೀತು ನೀವೇ ಊಹಿಸಿ.

ಇದಕ್ಕೆ ಒಂದು ದಾರಿಯೆಂದರೆ ಆ ಪುಟ್ಟ ಅಣುವಿನ ಕೆಲವು ಜಾಗಗಳಲ್ಲಿ ಉದ್ದ ಬಾಲದ, ನೀರನ್ನು ಒಲ್ಲದ ಅಣುಗಳನ್ನು ಕೂರಿಸುವುದು. ಹರಳು ಪದರ ಪದರವಾಗುತ್ತದೆ, ನಡುವಿನ ಬಾಲಗಳು ತೇವವನ್ನು ತಡೆಯುತ್ತವೆ. ಬಾಳಿಕೆ ಹೆಚ್ಚುತ್ತದೆ. ಆದರೆ ಅವೇ ಬಾಲಗಳು ಒಂದು ಪದರದಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿಯುವುದನ್ನೂ ತಡೆಯುತ್ತವೆ, ಫಲಕದ ದಕ್ಷತೆ ಇಳಿಯುತ್ತದೆ. ಅದಕ್ಕೇ ಈಗ ಒಳಗೆ ಹಳೆಯ ಪೆರೊವ್‌ಸ್ಕೈಟ್, ಮೇಲ್ಮೈಯಲ್ಲಿ ಮಾತ್ರ ಬಾಲವಿರುವ ತೆಳು ಪದರ ಹಾಕಿ ನೋಡುತ್ತಿದ್ದಾರೆ. ಬಾಲ ಎಷ್ಟು ಉದ್ದವಿರಬೇಕು, ಪದರ ಎಷ್ಟು ತೆಳುವಿರಬೇಕು ಎಂಬುದರ ಮೇಲೆ ಈಗ ಸಾಕಷ್ಟು ಕೆಲಸ ನಡೆಯುತ್ತಿದೆ.